ಫರಸಿಯ ಮೇಲೆ ಸಮುದ್ರ

ಕಲಬುರಗಿಯಿಂದ ಶಹಾಬಾದಿಗೆ ಪ್ಯಾಸೆಂಜರ್ ರೈಲು.
ತೊಡೆಯ ಮೇಲೆ ಲ್ಯಾಪ್‌ಟಾಪು, ಅದರೊಳಗೆ
ಎರಡು ವರ್ಷ ಕೂತು ಕಟ್ಟಿದ ಪರದೆ:
ಬರುತ್ತಿರುವ ಚುಕ್ಕೆ ಶತ್ರುವೋ ಅಲ್ಲವೋ
ಹಡಗಿನ ಕಮಾಂಡರನಿಗೆ ಹೇಳಿಕೊಡುವ ಪರದೆ.
ನಾನು ಕಡಲು ಕಂಡದ್ದು ಒಮ್ಮೆ, ಶಾಲೆಯ ಪ್ರವಾಸದಲ್ಲಿ,
ಅದೂ ಎರಡು ವಾಂತಿಯ ನಡುವೆ.

ನಿವೃತ್ತ ಕಮಾಂಡರ್ ರೇವಣಸಿದ್ದಪ್ಪ ತೆಂಗಳಿ
ಬನಿಯನ್ನಿನಲ್ಲೇ ಬಾಗಿಲು ತೆಗೆದರು.
ಖಣಿಯಲ್ಲಿ ಫರಸಿ ಎಬ್ಬಿಸುವವನ ಮಗ,
ಕಾಗಿಣಾ ಬಿಟ್ಟರೆ ಬೇರೆ ನೀರು ಕಾಣದ ಹುಡುಗ
ಇಪ್ಪತ್ತಾರು ವರ್ಷ ತೇಲಿ ಬಂದು
ಮತ್ತೆ ಅದೇ ಕಲ್ಲಿನ ಮೇಲೆ ಕಾಲಿಟ್ಟಿದ್ದಾರೆ.

ಪರದೆ ನೋಡಿದರು. ಕೆಂಪು ಚುಕ್ಕೆ. ಪಕ್ಕದಲ್ಲಿ
ಎಂಬತ್ತೇಳು ಪ್ರತಿಶತ.
"ಈ ಎಂಬತ್ತೇಳು ಯಾರು ಹೇಳಿದ್ರವ್ವಾ?"
"ಲೆಕ್ಕ, ಸರ್."
"ಉಳಿದ ಹದಿಮೂರು ಎಲ್ಲಿ ಕುಂತದ?"
ನಾನು ಫ್ಯಾನಿನ ಕಡೆ ನೋಡಿದೆ. ಕರೆಂಟು ಇರಲಿಲ್ಲ.

ಸೀಮೆಸುಣ್ಣ ಹುಡುಕಿ ತಂದು, ಮಂಡಿಯೂರಿ,
ಪಡಸಾಲೆಯ ಫರಸಿಯ ಮೇಲೆ ಸಮುದ್ರ ಬರೆದರು.
ನಡುವೆ ತಮ್ಮ ಹಡಗು, ಒಂದು ಗೀಟು.
ಹೊಸ್ತಿಲ ಹತ್ತಿರ, ಚಪ್ಪಲಿಗಳ ಈಚೆ, ಚುಕ್ಕೆ.
"ರಾತ್ರಿ ಎರಡೂವರಿ. ಇಪ್ಪತ್ತು ತಾಸು ನಿದ್ದಿಲ್ಲ.
ಇದು ಅಲ್ಲಿದ್ದಾಗ ನಂಗ ನೂರು ಮಾತು ಬೇಕು,
ಎಲ್ಲಿಂದ ಹೊಂಟದ, ಯಾರ ದಾರಿ, ಗಾಳಿ ಹ್ಯಾಂಗದ.
ಇಲ್ಲಿಗಿ ಬಂತಂದ್ರ" (ಬೆರಳು ಮೂರು ಫರಸಿ ಜರುಗಿತು)
"ಒಂದೇ ಬೇಕು. ನಾ ತಪ್ಪು ತಿಳದೀನಿ ಅಂದ್ರ
ಯಾವುದು ನೋಡಿ ತಿಳೀಬೇಕು?
ಅದು ನಿನ್ನ ಪೆಟ್ಟಿಗ್ಯಾಗ ಇಲ್ಲ.
ನಾ ಹೂಂ ಅಂದದ್ದಕ್ಕ ಹೂಂ ಅಂತದ, ಅಷ್ಟೇ."

ಸುಮ್ಮನೆ ಗೆಣ್ಣಿನಿಂದ ನೆಲ ಕುಟ್ಟಿದರು.
"ನಮ್ಮಪ್ಪ ಪದರು ಎಬ್ಬಿಸೋಕಿಂತ ಮುಂಚೆ
ಹಿಂಗೇ ಬಡದು ಕಿವಿ ಹಚ್ಚತಿದ್ದ.
ಮತ್ತ ನನ್ನ ಜೋಡಿ ಒಬ್ಬ ಕುರುವಿಲ್ಲ ಇದ್ದ.
ಅವಂಗ ಅಂಕಿ ಸಾಲೇ ಬೇಕು, ಚಿತ್ರ ಕಂಡ್ರ ಸಿಟ್ಟು.
ನಂಗ ಚಿತ್ರ ಬೇಕು. ನೀ ಇದು ಯಾರಿಗಿ ಮಾಡೀದಿ?"
ಮಾಡಿದ್ದು ಪರೀಕ್ಷಕರಿಗೆ.
ಹೇಳಲಿಲ್ಲ.

ಒಳಗಿಂದ ಗುರುದೇವಿಯವರು ಊಟಕ್ಕೆ ಕರೆದರು.
ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.
"ನೋಡು, ಮೂರನೇ ರೊಟ್ಟಿ ಇಕಿ ಕೇಳದ ಹಾಕ್ತಾಳ.
ನಾಕನೇದು ಕೇಳಿ ಹಾಕ್ತಾಳ.
ಸಕ್ಕರಿ ರೋಗ ಬಂದಾಗಿಂದ ಐದನೇದು
ನಾ ಕೇಳಿದ್ರೂ ಹಾಕಂಗಿಲ್ಲ. ಇದನ್ನ ಮಾಡು ನೀ."
"ಬರಕೋಬ್ಯಾಡವ್ವಾ," ಅಂದರು ಗುರುದೇವಿ,
"ಮೊನ್ನಿ ಜ್ವರ ಬಂದಾಗೂ ರೂಢಿಲಿ ಮೂರು ಹಾಕೀನಿ.
ಮಾರಿ ನೋಡಿದ್ದೇ ಇಲ್ಲ."

ಕೈ ತೊಳೆಯುವಾಗ ಕೇಳಿದೆ: ಆ ರಾತ್ರಿಯ ಚುಕ್ಕೆ?
ಅವರು ಬಹಳ ಹೊತ್ತು ಟವೆಲ್ಲಿಗೆ ಕೈ ಒರೆಸಿದರು.
"ನಲವತ್ತು ಸೆಕೆಂಡು ತಡದೆ. ತಿರುಗಿ ಹೋಯ್ತು.
ಮೀನು ಹಿಡಿಯೋರೋ, ಮತ್ಯಾರೋ, ಇವತ್ತಿಗೂ ಗೊತ್ತಿಲ್ಲ.
ಹೊಡದಿದ್ರ ಗೊತ್ತಾಗತಿತ್ತು."

ಹೊರಡುವಾಗ ಗುರುದೇವಿ ನೆಲ ಒರೆಸುತ್ತಿದ್ದರು,
ಸಮುದ್ರದ ಅಂಚಿನ ತನಕ ಮಾತ್ರ.

ವಾಪಸು ಬರುವಾಗ ಮರತೂರಿನಲ್ಲಿ ರೈಲು ನಿಂತಿತು.
ಯಾಕೆಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲಿಲ್ಲ.
ಎಂಬತ್ತೇಳನ್ನು ಅಳಿಸಿದೆ.
ಅಲ್ಲೊಂದು ಹೊಸ ಖಾನೆ ಬರೆದೆ, ಹೆಸರು: ಗೊತ್ತಿಲ್ಲದ್ದು.
ಯಂತ್ರ ಕೇಳಿತು,
ಈ ಖಾನೆಯನ್ನು ಖಾಲಿ ಬಿಡಬಹುದೇ?
ಹೌದು, ಇಲ್ಲ.
ಗೀಟು ಮಿನುಗುತ್ತಿದೆ. ಸಿಗ್ನಲ್ ಇನ್ನೂ ಕೆಂಪು.